ಹತ್ತನೇ ನಂಬರ್ ಯಾಕೆ ಆಡ್ಲಿಲ್ಲ ಅಂತ ಕೇಳಿದವರಿಗೆ

ಭಾನುವಾರ ಸಂಜೆಯಿಂದ ನನಗೆ ನೆಮ್ಮದಿ ಇಲ್ಲ. ವಾಟ್ಸಾಪ್ ತೆರೆದರೆ ಎರಡೆರಡು ನಿಮಿಷದ ವಾಯ್ಸ್ ಮೆಸೇಜು, ಸಿದ್ದಾಪುರ ಪೇಟೆಯಲ್ಲಿ ಟೀ ಕುಡಿಯೋಕೆ ನಿಂತರೆ ಹಿಂದಿನಿಂದ ಒಂದು ಮಾತು. "ಗೆಲ್ಲೋ ಮ್ಯಾಚ್ ಬಿಟ್ಟುಕೊಟ್ರಲ್ಲ ಅಣ್ಣಾ, ಎಷ್ಟು ಸಿಕ್ತು?" ಅಂತ ಒಬ್ಬ ಕೇಳಿದ. ನಗುತ್ತಲೇ ಕೇಳಿದ, ಹಾಗಾಗಿ ನಾನೂ ನಕ್ಕು ಬಂದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲರಿಗೂ ಒಂದೇ ಸಲ ಇಲ್ಲೇ ಬರೆದುಬಿಡ್ತೀನಿ.

ನಡೆದದ್ದು ಇಷ್ಟು. ನಮ್ಮ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್ಬಾಲ್ ಲೀಗಿನ ಕೊನೇ ಪಂದ್ಯ. ನಾವು ಆಗಲೇ ಸೆಮಿಫೈನಲ್ ತಲುಪಿದ್ದೆವು, ಗೆದ್ದರೂ ಸೋತರೂ ನಮ್ಮ ಎರಡನೇ ಜಾಗ ಅಲುಗಾಡ್ತಿರಲಿಲ್ಲ. ಅದಕ್ಕೆ ಮೂವರನ್ನು ಹೊರಗೆ ಕೂರಿಸಿದೆ. ಹತ್ತನೇ ನಂಬರ್ ಜೆರ್ಸಿಯವನು, ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಸ್ಟಾಪರ್, ಎಡಗಡೆಯ ವಿಂಗರ್. ಏಳು ಜನರಲ್ಲಿ ಮೂವರು ಅಂದರೆ ಹತ್ತಿರ ಹತ್ತಿರ ಅರ್ಧ ತಂಡ, ಒಪ್ಪಿಕೊಳ್ತೀನಿ. 2-1ರಲ್ಲಿ ಸೋತೆವು. ನಿರ್ಧಾರ ನನ್ನದೇ. ಕೋಚ್ ಅಂತ ನನಗೇನೂ ಬೋರ್ಡ್ ಇಲ್ಲ, ಆದರೆ ನೀರಿನ ಕ್ಯಾನ್ ಹೊರುವವನು, ಜೆರ್ಸಿ ಒಗೆಸುವವನು, ರೆಫ್ರಿ ಹತ್ತಿರ ಬೈಸಿಕೊಳ್ಳುವವನು ನಾನೇ ಆಗಿರುವಾಗ ಟೀಮ್ ಬರೆಯುವವನೂ ನಾನೇ ಅಲ್ವಾ.

ಎರಡು ವರ್ಷದ ಹಿಂದೆ ಇದೇ ಏಪ್ರಿಲ್‌ನಲ್ಲಿ, ಇದೇ ಥರದ ಲೆಕ್ಕಕ್ಕಿಲ್ಲದ ಪಂದ್ಯದಲ್ಲಿ, ನಾನು ಎಲ್ಲರನ್ನೂ ಆಡಿಸಿದ್ದೆ. ಜನ ಬಂದಿದ್ದಾರೆ, ಕಪ್ ಕೊಡಿಸಿದವರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಸ್ಟಾರ್ ಪ್ಲೇಯರ್ ಇಲ್ಲದೆ ಹೇಗೆ ಅಂತ. 3-0 ಮುಂದಿದ್ದೆವು, ಇನ್ನು ಐದು ನಿಮಿಷ ಇತ್ತು. ಯಾರಿಗೂ ಬೇಡದ ಒಂದು ಬಾಲು ಕಾರ್ನರ್ ಕಡೆ ಹೋಗ್ತಿತ್ತು, ನಮ್ಮ ಅಂದಿನ ಸ್ಟ್ರೈಕರ್ ಅದರ ಹಿಂದೆ ಓಡಿದ. ಓಡುತ್ತಿದ್ದವನು ನಿಂತ. ತೊಡೆಯ ಹಿಂದೆ ಕೈ ಇಟ್ಟುಕೊಂಡು, ಯಾರು ಒದ್ದಿದ್ದು ಅಂತ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಮೈದಾನದಲ್ಲಿ ಐಸ್ ಎಲ್ಲಿ ಬರಬೇಕು, ಬೈಕ್ ತಗೊಂಡು ಹೋಗಿ ಮೀನಿನ ಅಂಗಡಿ ಇಕ್ಕಾನ ಹತ್ತಿರ ಒಂದು ಕವರ್ ತುಂಬ ತಂದೆವು. ಜೀಪಿನ ಹಿಂದಿನ ಸೀಟಲ್ಲಿ ಕಾಲು ಚಾಚಿ ಮಲಗಿದ್ದ ಹುಡುಗ, "ಅಣ್ಣಾ, ಮತ್ತಿ ಮೀನಿನ ವಾಸನೆ ಬರ್ತಾ ಇದೆ" ಅಂತ ಅಳುತ್ತಾ ನಗ್ತಿದ್ದ. ಸೆಮಿಫೈನಲ್ ದಿನ ಅವನು ಗೋಲ್ ಪೋಸ್ಟಿನ ಹಿಂದೆ ಕುರ್ಚಿಯಲ್ಲಿದ್ದ. ನಾವು ಟೈಬ್ರೇಕರ್‌ನಲ್ಲಿ ಸೋತೆವು. ಅವತ್ತು ನನ್ನನ್ನು ಯಾರೂ ಬೈಯಲಿಲ್ಲ ನೋಡಿ. "ಅವನ ಗ್ರಹಚಾರ" ಅಂದರು ಅಷ್ಟೇ.

ಹಾಕಿ ನೋಡಿ ಬೆಳೆದ ನಮ್ಮ ಕೊಡಗಿನವರಿಗೆ ಇದನ್ನು ಹೇಳೋದು ಸ್ವಲ್ಪ ಕಷ್ಟ. ಹಾಕಿಯಲ್ಲಿ ಸುಸ್ತಾದವನು ಹೊರಗೆ ಬಂದು ನೀರು ಕುಡಿದು ಮತ್ತೆ ಒಳಗೆ ಹೋಗ್ತಾನೆ, ಎಷ್ಟು ಸಲ ಬೇಕಾದರೂ. ದೊಡ್ಡ ಫುಟ್ಬಾಲ್‌ನಲ್ಲಿ ಹೊರಗೆ ಬಂದವನ ಕೆಲಸ ಅವತ್ತಿಗೆ ಮುಗಿಯಿತು. ನಮ್ಮ ಲೀಗಿನಲ್ಲೂ ಅದೇ ರೂಲ್ ಇಟ್ಟಿದ್ದಾರೆ. ಹಾಗಾಗಿ ಆಟದ ನಡುವೆ ಕೊಡೋಕಾಗದ ವಿಶ್ರಾಂತಿಯನ್ನು ಪಂದ್ಯಕ್ಕೆ ಮುಂಚೆ ಕೊಡಬೇಕು. ಒಂದು ಜೋರು ಪಂದ್ಯ ಆಡಿದ ಮೇಲೆ ಸ್ನಾಯುವಿನೊಳಗಿನ ಇಂಧನ ಮತ್ತೆ ತುಂಬೋಕೆ 48ರಿಂದ 72 ಗಂಟೆ ಬೇಕು, ಅದೂ ಚೆನ್ನಾಗಿ ತಿಂದು ಮಲಗಿದರೆ. ನಮ್ಮ ಹುಡುಗರು ಭಾನುವಾರ ಆಡಿ ಸೋಮವಾರ ಬೆಳಿಗ್ಗೆ ಒಳ್ಳೆಮೆಣಸು ಕೊಯ್ಯೋಕೆ ಏಣಿ ಹತ್ತುತ್ತಾರೆ. ಬರಿಗಾಲಲ್ಲಿ ಏಣಿಯ ಮೆಟ್ಟಿಲ ಮೇಲೆ ದಿನವಿಡೀ ನಿಂತರೆ ಮೀನಖಂಡ ಏನಾಗುತ್ತೆ ಅಂತ ನಿಂತವರಿಗೆ ಗೊತ್ತು. ಇದರ ಜೊತೆಗೆ ಏಪ್ರಿಲ್‌ನ ಕಲ್ಲಿನಂಥ ಮೈದಾನ.

"ಲಯ ತಪ್ಪುತ್ತೆ, ಗೆಲ್ಲೋ ಅಭ್ಯಾಸ ಹೋಗುತ್ತೆ" ಅನ್ನುವವರಿದ್ದಾರೆ. ನನಗೆ ಈ ಮಾತಲ್ಲಿ ಜಾಸ್ತಿ ನಂಬಿಕೆ ಇಲ್ಲ. ನಮ್ಮ ಬೆಂಗಳೂರು ಎಫ್‌ಸಿಯನ್ನೇ ನೋಡಿ. 2025ರ ಮಾರ್ಚ್‌ನಲ್ಲಿ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ತಮ್ಮ ಕೊನೇ ಲೀಗ್ ಪಂದ್ಯದಲ್ಲಿ ಕಂಠೀರವದಲ್ಲೇ ಮುಂಬೈ ಸಿಟಿ ಎದುರು 2-0 ಸೋತರು. ಅದೇ ತಿಂಗಳ 29ಕ್ಕೆ ಪ್ಲೇಆಫ್‌ನಲ್ಲಿ ಅದೇ ಕಂಠೀರವದಲ್ಲಿ ಅದೇ ಮುಂಬೈಗೆ 5-0 ಹೊಡೆದರು. ಎಲ್ಲಿತ್ತು ಲಯ? ಅಲ್ಲಿಂದ ಗೋವಾ ಎದುರು ಎರಡು ಸೆಮಿಫೈನಲ್, ಆಮೇಲೆ ಏಪ್ರಿಲ್ 12ಕ್ಕೆ ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಜೊತೆ ಫೈನಲ್, ಅದೂ ಎಕ್ಸ್‌ಟ್ರಾ ಟೈಮ್‌ವರೆಗೆ ಹೋಗಿ 2-1ರಲ್ಲಿ ಸೋಲು. 15 ದಿನದಲ್ಲಿ ನಾಲ್ಕು ಪಂದ್ಯ. ಗೋವಾದಲ್ಲಿ ಕೊನೇ ಗಳಿಗೆಯಲ್ಲಿ ತಲೆಯಿಂದ ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಎಳೆದ ಸುನಿಲ್ ಛೆಟ್ರಿಗೆ ಆಗ 40 ವರ್ಷ. ಪ್ಲೇಆಫ್ ಅಂದರೆ ಹೀಗೆ, ಮುಂದೆ ಎಷ್ಟು ಓಡಬೇಕಾಗುತ್ತೋ ಗೊತ್ತಿರಲ್ಲ. ಟ್ಯಾಂಕ್ ತುಂಬಿಸಿಕೊಂಡೇ ಹೊರಡಬೇಕು.

ಯೂರೋ 2024ರಲ್ಲಿ ಆಗಲೇ ಮುಂದಿನ ಸುತ್ತು ತಲುಪಿದ್ದ ಸ್ಪೇನ್ ಗುಂಪಿನ ಮೂರನೇ ಪಂದ್ಯಕ್ಕೆ ಹತ್ತು ಜನರನ್ನು ಬದಲಾಯಿಸಿತು, ಅಲ್ಬೇನಿಯಾವನ್ನು 1-0 ಸೋಲಿಸಿತು, ಕೊನೆಗೆ ಕಪ್ಪೂ ಗೆದ್ದಿತು. 2022ರ ವಿಶ್ವಕಪ್‌ನಲ್ಲಿ ಫ್ರಾನ್ಸ್ ಒಂಬತ್ತು ಜನರನ್ನು ಬದಲಾಯಿಸಿ ಟ್ಯುನೀಷಿಯಾಗೆ ಸೋತರೂ ಫೈನಲ್ ಆಡಿತು. ಬ್ರೆಜಿಲ್ ಕೂಡ ಹಾಗೇ ಮಾಡಿ ಕ್ಯಾಮರೂನ್‌ಗೆ ಸೋತು, ಕ್ವಾರ್ಟರ್ ಫೈನಲ್‌ನಲ್ಲಿ ಮನೆಗೆ ಹೋಯಿತು. ಅದನ್ನೂ ಹೇಳಬೇಕು, ಇಲ್ಲಾಂದ್ರೆ ನನಗೆ ಬೇಕಾದ್ದು ಮಾತ್ರ ಆರಿಸಿದೆ ಅಂತೀರಿ. ಹಾಗಾದರೆ ಫ್ರಾನ್ಸ್‌ನ ಸ್ಟಾರ್ ಜಿದಾನ್ ಕಥೆಯೂ ಕೇಳಿ. 2002ರ ವಿಶ್ವಕಪ್ ಶುರುವಾಗೋಕೆ ಕೆಲವೇ ದಿನ ಮುಂಚೆ, ದಕ್ಷಿಣ ಕೊರಿಯಾ ಜೊತೆ ಬರೀ ಸ್ನೇಹಪರ ಪಂದ್ಯದಲ್ಲಿ ತೊಡೆಗೆ ಪೆಟ್ಟು. ಹಿಂದಿನ ಸಲದ ಚಾಂಪಿಯನ್ ಫ್ರಾನ್ಸ್ ಒಂದೇ ಒಂದು ಗೋಲೂ ಹೊಡೆಯದೆ ಗುಂಪಿನಲ್ಲೇ ಹೊರಬಿತ್ತು. ಆ ಪಂದ್ಯ ಆಡದಿದ್ದರೆ ಯಾರ ಗಂಟು ಹೋಗ್ತಿತ್ತು?

ಈಗ ಅಸಲಿ ಜಗಳಕ್ಕೆ ಬರ್ತೀನಿ. ನಮ್ಮನ್ನು ಸೋಲಿಸಿದ ತಂಡ ನಾಲ್ಕನೇ ಜಾಗಕ್ಕೆ ಬಂತು, ಅದರಿಂದ ಇನ್ನೊಂದು ತಂಡ ಹೊರಗೆ ಬಿತ್ತು. "ಎಷ್ಟು ಸಿಕ್ತು" ಅಂತ ಕೇಳಿದವನು ಹಾಗೆ ಹೊರಗೆ ಬಿದ್ದ ತಂಡದವನು. ಅವನ ಹೊಟ್ಟೆಯುರಿ ನನಗೆ ಅರ್ಥ ಆಗುತ್ತೆ. 2007ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ ಯುರೋಪಿನ ಚಾಂಪಿಯನ್ಸ್ ಲೀಗ್ ಫೈನಲ್ ಮುಂದಿಟ್ಟುಕೊಂಡು ಫುಲ್ಹಮ್ ಎದುರು ಅರೆಬರೆ ತಂಡ ಇಳಿಸಿ 1-0 ಸೋತಿತು. ಫುಲ್ಹಮ್ ಬರೀ ಒಂದು ಪಾಯಿಂಟ್‌ನಿಂದ ಬಚಾವಾಯಿತು, ಶೆಫೀಲ್ಡ್ ಯುನೈಟೆಡ್ ಗೋಲು ವ್ಯತ್ಯಾಸದಲ್ಲಿ ಕೆಳಗಿನ ಡಿವಿಷನ್‌ಗೆ ಬಿತ್ತು. ಅಲ್ಲಿಯವರು ಆ ಸಿಟ್ಟನ್ನು ಬಿಟ್ಟಿರಲಿಕ್ಕಿಲ್ಲ. ಲಿವರ್‌ಪೂಲ್ ಆಮೇಲೆ ಅಥೆನ್ಸ್‌ನಲ್ಲಿ ಮಿಲಾನ್‌ಗೆ ಸೋತಿತು ಅನ್ನೋದು ಬೇರೆ ಮಾತು. ಆದರೆ ಶೆಫೀಲ್ಡ್ ಕೊನೇ ದಿನ ತನ್ನದೇ ಮೈದಾನದಲ್ಲಿ ವಿಗನ್ ಜೊತೆ ಡ್ರಾ ಮಾಡಿದ್ದರೂ ಉಳಿಯುತ್ತಿತ್ತು. ಮಾಡಲಿಲ್ಲ. ಇಲ್ಲಿ ಹೊರಗೆ ಬಿದ್ದ ಈ ತಂಡವೂ ಹಿಂದಿನ ವಾರ ಕೊನೇ ಸ್ಥಾನದವರ ಕೈಲಿ ಸೋತು ಬಂದಿತ್ತು. ಅವತ್ತು ಯಾರಿಗೆ ಎಷ್ಟು ಸಿಕ್ಕಿತ್ತಪ್ಪಾ?

ಮತ್ತೆ ಆಡಿದವರು ಬಾಡಿಗೆ ಹುಡುಗರಲ್ಲ. ಜನವರಿಯಿಂದ ಬೆಂಚ್ ಕಾಯಿಸಿದ ನಮ್ಮದೇ ಹುಡುಗರು. ಗೋಲು ಹೊಡೆದವನು ಪಿಯುಸಿ ಓದ್ತಿದ್ದಾನೆ, ಹೊಡೆದ ಮೇಲೆ ಹೇಗೆ ಖುಷಿಪಡಬೇಕು ಅಂತ ಗೊತ್ತಾಗದೆ ನನ್ನ ಕಡೆ ಓಡಿಬಂದು ನೀರಿನ ಕ್ಯಾನ್ ಬೀಳಿಸಿದ. ಅವನನ್ನು ನೋಡಿದವರು ಯಾರೂ ಬಿಟ್ಟುಕೊಟ್ರು ಅನ್ನಲ್ಲ.

ನನ್ನ ತಪ್ಪೂ ಇದೆ. ಸ್ಟಾಪರ್‌ಗೆ ಒಂದು ಹಳದಿ ಕಾರ್ಡ್ ಇತ್ತು, ಇನ್ನೊಂದು ಬಿದ್ದರೆ ಸೆಮಿಫೈನಲ್ ಇಲ್ಲ, ಅದಕ್ಕೇ ಕೂರಿಸಿದ್ದು. ಅದನ್ನು ಅವನಿಗೆ ಬೆಳಿಗ್ಗೆಯೇ ಹೇಳಬೇಕಿತ್ತು. ಮೈದಾನಕ್ಕೆ ಬಂದು ಬೂಟು ಕಟ್ಟಿಕೊಂಡ ಮೇಲೆ ಹೇಳಿದೆ. ಮುಖ ಊದಿಸಿಕೊಂಡು ಕೂತವನು ಸಂಜೆಯವರೆಗೂ ಮಾತಾಡಲಿಲ್ಲ.

ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದು. ಕೂರಿಸಿದ ಮೂವರಲ್ಲಿ ಒಬ್ಬ, ಯಾರು ಅಂತ ಹೇಳಲ್ಲ, ಅದೇ ರಾತ್ರಿ ವಯನಾಡಿನ ಕಡೆ ಲೈಟ್ ಹಾಕಿದ ಗ್ರೌಂಡಲ್ಲಿ ಗೆಸ್ಟ್ ಪ್ಲೇಯರ್ ಆಗಿ ಸೆವೆನ್ಸ್ ಆಡಿ ಬಂದಿದ್ದಾನೆ. ಇನ್ಸ್ಟಾಗ್ರಾಮ್ ಸ್ಟೋರಿಯಲ್ಲಿ ನೋಡಿದೆ. ನಾನು ಕಾಪಾಡಿದ ಕಾಲನ್ನು ಬೇರೆಯವರು ದುಡಿಸಿಕೊಂಡರು. ಫೋನ್ ಮಾಡಿ ಬೈದೆ. ಎಲ್ಲಾ ಕೇಳಿಸಿಕೊಂಡು, "ಅಣ್ಣಾ, ಅಲ್ಲಿ ದುಡ್ಡು ಕೊಡ್ತಾರೆ, ನೀವು ಬಿರಿಯಾನಿ ಕೊಡ್ತೀರಿ" ಅಂದ. ಏನು ಹೇಳಲಿ? ಕೂಲಿ ಮಾಡೋ ಹುಡುಗನಿಗೆ ವಿಶ್ರಾಂತಿ ಅಂದರೆ ಸಂಪಾದನೆ ಬಿಟ್ಟು ಕೂರೋದು. ದೊಡ್ಡ ಕ್ಲಬ್‌ನವರಿಗೆ ಆಡದಿದ್ದರೂ ಸಂಬಳ ಬರುತ್ತೆ. ನಮ್ಮವನಿಗೆ ರೆಸ್ಟ್ ಬೇಕು ಅಂದರೆ ಆ ದಿನದ ದುಡ್ಡನ್ನೂ ನಾವೇ ಕೊಡಬೇಕು.

ಹಾಗಾಗಿ ನಿನ್ನೆ ನಾಲ್ಕು ಜನ ಸೇರಿ ಕೈಯಿಂದ ಹಾಕಿ, ಮೂವರಿಗೂ ಶುಕ್ರವಾರ, ಶನಿವಾರದ ಕೂಲಿ ಒಟ್ಟುಮಾಡಿದ್ದೀವಿ. ವಾಯ್ಸ್ ಮೆಸೇಜ್ ಕಳಿಸಿದವರು ನೂರು ಇನ್ನೂರು ಸೇರಿಸಿದರೆ ಬೇಡ ಅನ್ನಲ್ಲ. ಇಬ್ಬರು ಒಪ್ಪಿದರು. ಹತ್ತನೇ ನಂಬರ್ ಮಾತ್ರ ದುಡ್ಡಿನ ವಿಷಯ ಅಲ್ಲ ಅಂತಿದ್ದಾನೆ. ಅವನ ಸ್ವಂತ ತೋಟದಲ್ಲೇ ಇನ್ನೂ ಹದಿನೈದು ಬಳ್ಳಿ ಮೆಣಸು ಬಾಕಿ ಇದೆಯಂತೆ, ಮಳೆ ಬಂದರೆ ಹೋಯ್ತು ಅಂತ ಅವರಪ್ಪ ಗದರುತ್ತಿದ್ದಾರಂತೆ. ಶನಿವಾರ ಬೆಳಿಗ್ಗೆ ನಾನೇ ಬರ್ತೀನಿ ಅಂದಿದ್ದೀನಿ. ಏಣಿ ತೊಂಬತ್ತೆರಡು ಕೆಜಿ ತಡೆಯುತ್ತಾ ಅಂತ ಕೇಳಿದ್ದಾನೆ.