ಓಡಿದ್ದು ನಾನು, ಲೆಕ್ಕ ಬರೆದದ್ದು ವಾಚು

ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಹತ್ತು ಕಿಲೋಮೀಟರ್ ಓಡುವುದು ನನ್ನ ಎರಡು ತಿಂಗಳ ಚಟ. ಓಡುವುದು ಅಂದರೆ, ನಡೆಯುವವರು ನನ್ನನ್ನು ಹಿಂದೆ ಹಾಕದಷ್ಟು ವೇಗ. ಬಂಡೆಯ ಹತ್ತಿರ ಏರು ಬಂದಾಗ ಅದಕ್ಕೂ ಗ್ಯಾರಂಟಿ ಇಲ್ಲ. ಒಂದು ದಿನ ಮಂಕಿ ಕ್ಯಾಪ್ ಹಾಕಿದ ಅಜ್ಜ ಒಬ್ಬರು ಫೋನಿನಲ್ಲಿ ಸೈಟಿನ ವ್ಯವಹಾರ ಮಾತಾಡುತ್ತಲೇ ನನ್ನನ್ನು ದಾಟಿ ಹೋದರು.

ವಾಚು ಮಾತ್ರ ನನ್ನ ಮರ್ಯಾದೆ ಉಳಿಸುತ್ತಿತ್ತು. ಓಟ ಮುಗಿದ ಕೂಡಲೇ 1,690 ಕ್ಯಾಲೊರಿ ಅಂತ ತೋರಿಸುತ್ತಿತ್ತು. ಇಷ್ಟು ದುಡಿದ ಮೇಲೆ ಖರ್ಚು ಮಾಡದಿದ್ದರೆ ಹೇಗೆ? ಗೇಟಿನಾಚೆ ಹಾಗಲಕಾಯಿ ಜ್ಯೂಸ್ ಮಾರುವವನ ಕಡೆ ತಿರುಗಿಯೂ ನೋಡದೆ ಸೀದಾ ಹೋಟೆಲಿಗೆ ಹೋಗುತ್ತಿದ್ದೆ. ಎರಡು ಬೆಣ್ಣೆ ಮಸಾಲೆ, ಒಂದು ಕೇಸರಿಬಾತ್, ಒಂದು ಕಾಫಿ. ಎಲ್ಲ ಸೇರಿ 1,200 ಅಂತಲೇ ಇಟ್ಟುಕೊಳ್ಳಿ, ಖಾತೆಯಲ್ಲಿ ಇನ್ನೂ 490 ಉಳಿಯಿತಲ್ಲ. ಅದನ್ನು ಮಧ್ಯಾಹ್ನ ಹೋಳಿಗೆಗೆ ಜಮಾ ಮಾಡುತ್ತಿದ್ದೆ.

ಎರಡು ತಿಂಗಳಾದ ಮೇಲೆ ತೂಕ ನೋಡಿದೆ. 72 ಇದ್ದದ್ದು 74 ಆಗಿತ್ತು. ಮೆಷಿನ್ ಕೆಟ್ಟಿರಬೇಕು ಅಂತ ಅಕ್ಕಿ ಚೀಲ ಇಟ್ಟು ನೋಡಿದೆ. ಅಕ್ಕಿ ಸರಿಯಾಗೇ ತೂಗಿತು.

ಹತ್ತನೇ ಕ್ಲಾಸಿನ ಮಗಳು ವಾಚಿನ ಆ್ಯಪ್ ತೆರೆದು ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ "ಅಮ್ಮಾ, ಬೇಗ ಬಾ" ಅಂತ ಕೂಗಿದಳು. ಹೆಂಡತಿ ಒರೆಸುತ್ತಿದ್ದ ತಟ್ಟೆ ಹಿಡಿದೇ ಬಂದಳು. "ರೀ, ಇದೇನಿದು, ತೂಕ 168?"

ವಾಚು ಬಂದ ದಿನ ಕನ್ನಡಕ ಹುಡುಕುವಷ್ಟು ತಾಳ್ಮೆ ಇರಲಿಲ್ಲ. ತೂಕ ಕೇಳಿದ ಕಡೆ ಎತ್ತರ, ಎತ್ತರ ಕೇಳಿದ ಕಡೆ ತೂಕ ತುಂಬಿಬಿಟ್ಟಿದ್ದೆ. ಅಂದರೆ ಎರಡು ತಿಂಗಳಿಂದ ಲಾಲ್‌ಬಾಗಿನಲ್ಲಿ ಓಡುತ್ತಿದ್ದವನು ಎರಡೂವರೆ ಅಡಿಯೂ ಇಲ್ಲದ, 168 ಕೆಜಿಯ ಮನುಷ್ಯ. ಬೆಲ್ಲದ ಮೂಟೆಗೆ ಶೂ ಹಾಕಿದ ಹಾಗೆ. ಪುಣ್ಯಾತ್ಮ ವಾಚು ಒಂದು ಮಾತೂ ಕೇಳಲಿಲ್ಲ, ನೋಡಿ.

"ಅಪ್ಪಾ, ವಾಚೇ ಬೇಡ. ಒಂದು ಕೆಜಿಗೆ, ಒಂದು ಕಿಲೋಮೀಟರಿಗೆ, ಸುಮಾರು ಒಂದು ಕ್ಯಾಲೊರಿ. 74 ಕೆಜಿ, ಹತ್ತು ಕಿಲೋಮೀಟರ್, 740. ನಿಧಾನ ಓಡಿದ್ರೂ ಜೋರಾಗಿ ಓಡಿದ್ರೂ ಹೆಚ್ಚುಕಡಿಮೆ ಅಷ್ಟೇ." ಈ ಕೊನೆಯ ಮಾತು ನನಗೆ ಸಮಾಧಾನ ತಂದಿತು. ಅವಳು ಅಷ್ಟಕ್ಕೇ ಬಿಡಲಿಲ್ಲ. ಆ ಒಂದೂಕಾಲು ಗಂಟೆ ಸೋಫಾದಲ್ಲಿ ಬಿದ್ದಿದ್ದರೂ ತೊಂಬತ್ತು ಖರ್ಚಾಗುತ್ತಿತ್ತಂತೆ, ಅದನ್ನೂ ಕಳೆಯಬೇಕಂತೆ. ಕೈಗೆ ಬಂದದ್ದು 650.

ನಾನು ವಾಚಿನ ಮೇಲೆ ತಪ್ಪು ಹೊರಿಸಲು ನೋಡಿದೆ. ಅದಕ್ಕೆ ಆಧಾರವೂ ಸಿಕ್ಕಿತು. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷೆ ಮಾಡಿದ್ದರು. ಎದೆಬಡಿತ ಬಹುಪಾಲು ಸರಿಯಾಗೇ ಹೇಳುತ್ತಿದ್ದವು. ಕ್ಯಾಲೊರಿ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ ಸರಾಸರಿ ಶೇಕಡ 27 ತಪ್ಪಿತ್ತು. ಇದನ್ನು ಗತ್ತಿನಿಂದ ಓದಿ ಹೇಳಿದೆ. "ಅವರೆಲ್ಲ ತೂಕ ಸರಿಯಾಗಿ ಹಾಕಿದ್ರಲ್ವಾ?" ಅಂದಳು ಹೆಂಡತಿ.

ಅಂದಿನಿಂದ ಮನೆಯಲ್ಲಿ ಊಟವನ್ನು ಕಿಲೋಮೀಟರಿನಲ್ಲಿ ಅಳೆಯುತ್ತಾರೆ. ಒಂದು ಟೀ ಚಮಚ ತುಪ್ಪ 45 ಕ್ಯಾಲೊರಿ, ಅಂದರೆ ಆರುನೂರು ಮೀಟರ್. "ಇನ್ನೊಂದು ಆರುನೂರು ಹಾಕ್ಲಾ?" ಅಂತ ಕೇಳುತ್ತಾಳೆ ಮಗಳು, ತುಪ್ಪದ ಗಿಂಡಿ ಹಿಡಿದು. ಬಿಸಿ ಅನ್ನ, ಸಾರು ಮುಂದಿರುವಾಗ ಇಂಥ ಪ್ರಶ್ನೆ ಕೇಳಬಾರದು.

ಮುಂದಿನ ಭಾನುವಾರ ಗಟ್ಟಿ ಮನಸ್ಸು ಮಾಡಿ ಹೋಟೆಲಿನಲ್ಲಿ ಕೂತೆ. ಒಂದೇ ದೋಸೆ, ಅದೂ ಸಾದಾ, ಬೆಣ್ಣೆ ಬೇಡ ಅಂದೆ. ಮಾಣಿ ನನ್ನ ಮುಖ, ಬೆವರಿದ ಬನಿಯನ್ನು ಎರಡನ್ನೂ ನೋಡಿ ಕನಿಕರದಿಂದ ಒಳಗೆ ಹೋದ.

ದೋಸೆ ಬಂತು. "ಇಷ್ಟು ಓಡಿ ಬರ್ತೀರ ಸಾರ್, ಸಾದಾ ತಿಂದ್ರೆ ಆಗುತ್ತಾ? ನಾನೇ ಹೇಳಿ ಹಾಕಿಸ್ದೆ" ಅಂದ. ದೋಸೆಯ ನಡುವೆ ಹಳದಿ ಉಂಡೆಯೊಂದು ಮೆಲ್ಲಗೆ ಕರಗಿ ಅಂಚಿನ ಕಡೆ ಹರಿಯುತ್ತಿತ್ತು. ಏನಿಲ್ಲವೆಂದರೂ ಒಂದೂವರೆ ಕಿಲೋಮೀಟರ್ ಬೆಣ್ಣೆ.