ಅಸಲಿ ಆರ್‌ಫೋರ್ ಇಲ್ಲಿ ದೊರೆಯುತ್ತದೆ

ನಿಂಟೆಂಡೊ ಡಿಎಸ್ ಎಂಬ ಎರಡು ಪರದೆಯ ಕೈಯಾಟದ ಯಂತ್ರಕ್ಕೆ ಒಂದು ಫ್ಲ್ಯಾಶ್ ಕಾರ್ಟ್, ಅಂದರೆ ಮೆಮೊರಿ ಕಾರ್ಡಿನಲ್ಲಿ ತುಂಬಿದ್ದನ್ನು ಅದರಲ್ಲಿ ನಡೆಸಿಕೊಡುವ ಬಿಲ್ಲೆ, ಕೊಳ್ಳಲು ಹೊರಟವನ ತಲೆ ಮೊದಲು ಕೆಡುವುದು ಹೆಸರುಗಳಿಂದ. ಆರ್‌ಫೋರ್, ಆರ್‌ಫೋರ್‌ಐ, ಆರ್‌ಫೋರ್ ಎಸ್‌ಡಿಎಚ್‌ಸಿ, ಆರ್‌ಫೋರ್‌ಐ ಗೋಲ್ಡ್, ಅದರ ಮೇಲೆ ಪ್ರೋ, ಪ್ಲಸ್, ಡ್ಯುಯಲ್ ಕೋರ್. ನೋಡಲು ಎಲ್ಲವೂ ಎರಡು ಬೆರಳಲ್ಲಿ ಹಿಡಿಯಬಹುದಾದ ಒಂದೇ ಅಳತೆಯ ಪ್ಲಾಸ್ಟಿಕ್ ಬಿಲ್ಲೆಗಳು. ದಾವಣಗೆರೆಯ ದಾರಿ ಗೊತ್ತಿಲ್ಲದವರೂ ‘ಅಸಲಿ ದಾವಣಗೆರೆ ಬೆಣ್ಣೆ ದೋಸೆ’ ಎಂದು ಬೋರ್ಡು ಬರೆಸುವಂತೆ, ಮೂಲ ಆರ್‌ಫೋರ್‌ನ ಮುಖ ಕಾಣದವರೂ ಅದರ ಹೆಸರು ಅಂಟಿಸಿ ಮಾರುತ್ತಾರೆ. ಆ ಮೂಲ ಕಾರ್ಟ್ 2007ರ ಸುಮಾರಿಗೆ ಮನೆಮಾತಾಗಿದ್ದು, ಈಗ ತಯಾರಾಗುತ್ತಿಲ್ಲ. ಸ್ಟಿಕ್ಕರಿನ ಮೇಲೆ ಮಾತ್ರ ಇಸವಿ ವರ್ಷವರ್ಷಕ್ಕೂ ಹೊಸದಾಗುತ್ತದೆ, ಗೋಡೆಯ ಮೇಲಿನ ಪಂಚಾಂಗ ತಪ್ಪಿದರೂ ಇದು ತಪ್ಪುವುದಿಲ್ಲ.

ನನಗೆ ಇದರ ಉಸಾಬರಿ ಏಕೆ ಬೇಕಾಯಿತು ಎಂದರೆ, ಅಮೆರಿಕದಲ್ಲಿರುವ ಭಾವಮೈದುನ ರಜೆಗೆ ಬಂದವನು ತನ್ನ ಹಳೆಯ ಡಿಎಸ್ ಲೈಟ್ ಅನ್ನು ನನ್ನ ಮಗಳಿಗೆ ಕೊಟ್ಟು ಹೋದ. ಆ ಮಾದರಿಗೆ ಹುಟ್ಟುಗುಣವೊಂದಿದೆ: ಬಲಗಡೆಯ ಕೀಲು ಬಿರುಕು ಬಿಡುತ್ತದೆ. ಇದರದ್ದೂ ಬಿಟ್ಟಿತ್ತು. ಎಂ-ಸೀಲ್ ಮೆತ್ತಿ ನಿಲ್ಲಿಸಿದೆ. ಮಗಳಿಗೆ ಆಟ ಬೇಕಿತ್ತು, ನನಗೆ ಅವಳಿಗೆ ಮಗ್ಗಿ ಬರಬೇಕಿತ್ತು. ಈ ಯಂತ್ರಕ್ಕೆ ಯಾರು ಬೇಕಾದರೂ ಮನೆಯಲ್ಲಿ ಕೂತು ಪ್ರೋಗ್ರಾಂ ಬರೆಯಬಹುದು. ಅದಕ್ಕೆ ಹೋಂಬ್ರೂ ಎನ್ನುತ್ತಾರೆ, ಬೇಕಾದ ಸಾಮಗ್ರಿಯೆಲ್ಲ ಉಚಿತ. ಕೆಳಗಿನ ಪರದೆಯ ಮೇಲೆ ಕಡ್ಡಿಯಿಂದ ಉತ್ತರ ಮುಟ್ಟುವ ಮಗ್ಗಿಯಾಟ ಬರೆಯಲು ಕುಳಿತೆ. ಇದ್ದದ್ದು ಒಟ್ಟು 4 ಎಂಬಿ ಮೆಮೊರಿ, 256ಕ್ಕೆ 192 ಚುಕ್ಕಿಗಳ ಪರದೆ. ಒತ್ತಕ್ಷರ ಜೋಡಿಸುವ ವಿದ್ಯೆ ಆ ಯಂತ್ರಕ್ಕೆ ಗೊತ್ತಿಲ್ಲವಾದ್ದರಿಂದ ‘ಮಗ್ಗಿ’ ಎಂಬುದನ್ನು ಚಿತ್ರವಾಗಿಯೇ ಬಿಡಿಸಬೇಕಾಯಿತು. ಅಂಕಿಗಳಿಗೆ ಒತ್ತಿಲ್ಲವೆಂಬ ಸಮಾಧಾನವೂ ಹೆಚ್ಚು ಹೊತ್ತು ಉಳಿಯಲಿಲ್ಲ. ಹದಿನಾರು ಚುಕ್ಕಿಗಳ ಎತ್ತರದಲ್ಲಿ ೬ ಮತ್ತು ೯ ಪರಸ್ಪರ ವೇಷ ಬದಲಿಸಿಕೊಂಡು ಓಡಾಡತೊಡಗಿದವು.

ಬರೆದದ್ದನ್ನು ಯಂತ್ರದೊಳಗೆ ಕಳಿಸಲು ಕಾರ್ಟ್ ಬೇಕೇ ಬೇಕು. ಮೊದಮೊದಲು ಜನ ನಿಂಟೆಂಡೊದ ಹಿಂದಿನ ಯಂತ್ರವಾದ ಗೇಮ್ ಬಾಯ್ ಅಡ್ವಾನ್ಸ್‌ನ ಆಟಗಳಿಗಾಗಿ ಇಟ್ಟಿದ್ದ ಕೆಳಗಿನ ದೊಡ್ಡ ಕಿಂಡಿಯಲ್ಲಿ ದಪ್ಪ ಕಾರ್ಟ್ ತುರುಕಿ, ಮೇಲಿನ ಕಿಂಡಿಯಲ್ಲಿ ಪಾಸ್‌ಮಿ ಎಂಬ ಇನ್ನೊಂದನ್ನು ಸಿಕ್ಕಿಸಿ ಕೆಲಸ ಸಾಧಿಸುತ್ತಿದ್ದರು. ಆಮೇಲೆ ಬಂದ ಆರ್‌ಫೋರ್ ಮೇಲಿನ ಕಿಂಡಿಯೊಂದರಲ್ಲೇ ಎಲ್ಲವನ್ನೂ ಮುಗಿಸಿತು. ಅಷ್ಟು ಸುಲಭವಾದ ಮೇಲೆ ಕದ್ದ ಆಟಗಳನ್ನು ತುಂಬುವವರು ಬಿಡುತ್ತಾರೆಯೇ? ಟೋಕಿಯೊದ ನ್ಯಾಯಾಲಯ 2009ರಲ್ಲಿ, ಲಂಡನ್ನಿನ ನ್ಯಾಯಾಲಯ 2010ರಲ್ಲಿ ಇವುಗಳ ಮಾರಾಟಕ್ಕೆ ತಡೆ ಹಾಕಿದವು. ಎರಡರಿಂದ ಇಪ್ಪತ್ತರವರೆಗಿನ ಮಗ್ಗಿಯನ್ನು ಒಯ್ಯುವ ನನ್ನಂಥವನಿಗೂ ಆ ಸಾಲಿನಲ್ಲೇ ಜಾಗ. ಕಾರ್ಟ್ ಕೂಡ ತಲೆಮರೆಸಿಕೊಂಡೇ ಬದುಕುತ್ತದೆ. ಯಂತ್ರದ ಮೆನುವಿನಲ್ಲಿ ಅದು ಎಷ್ಟೋ ಸಲ ತನ್ನ ನಿಜನಾಮ ಹೇಳದೆ, ಬೇರಾವುದೋ ಮಕ್ಕಳ ಆಟದ ಹೆಸರು, ಚಿತ್ರ ತೊಟ್ಟು ಕೂರುತ್ತದೆ.

ಅಕ್ಕನ ಮಗನಿಗೆ ಎಲ್ಲದಕ್ಕೂ ಪರಿಹಾರ ಗೊತ್ತು. “ಮಾವ, ಲೈಟ್ ಬಿಟ್ಟು ಅದರ ನಂತರ ಬಂದ ಡಿಎಸ್‌ಐ ತೆಗೆದುಕೊಳ್ಳಿ. ಅದರ ಕ್ಯಾಮೆರಾದ ಆಲ್ಬಂನಲ್ಲಿ ಒಂದು ದೋಷವಿದೆ, ಎಸ್‌ಡಿ ಕಾರ್ಡಿನಿಂದಲೇ ಹೋಂಬ್ರೂ ನಡೆಯುತ್ತದೆ, ಕಾರ್ಟ್ ಬೇಕಾಗಿಯೇ ಇಲ್ಲ” ಎಂದ. ಅವನು ಹೇಳಿದ್ದು ನಿಜ. ಆದರೆ ಎಂ-ಸೀಲ್ ಆಗಲೇ ಒಣಗಿತ್ತು.

ಹುಡುಕಿದರೆ ಹಳೆಯ ಮೂಲ ಆರ್‌ಫೋರ್ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ಆದರೆ ಅದು 2 ಜಿಬಿಗಿಂತ ದೊಡ್ಡ ಮೈಕ್ರೋ ಎಸ್‌ಡಿ ಕಾರ್ಡನ್ನು ಗುರುತಿಸುವುದಿಲ್ಲ. 2 ಜಿಬಿ ಕಾರ್ಡು ಇದೆಯೇ ಎಂದು ಮೊಬೈಲ್ ಅಂಗಡಿಯಲ್ಲಿ ಕೇಳಿದಾಗ ಹುಡುಗ ನನ್ನನ್ನು ಕನಿಕರದಿಂದ ನೋಡಿ ಕೂರಲು ಸ್ಟೂಲು ಕೊಟ್ಟ. ಹೀಗಾಗಿ ದೊಡ್ಡ ಕಾರ್ಡು ನುಂಗುವ ತದ್ರೂಪಿಯೊಂದನ್ನೇ ತರಿಸಿದೆ. ಜೊತೆಗೆ ಬೀದಿಬದಿಯ 32 ಜಿಬಿ ಕಾರ್ಡೊಂದು. ಅದಕ್ಕೆ ಕಡತಗಳನ್ನು ತುಂಬಿಸಿ ಮತ್ತೆ ಓದಿ ನೋಡುವ ಪರೀಕ್ಷೆಯೊಂದಿದೆ. ಆ ಪರೀಕ್ಷೆಯಲ್ಲಿ ನಮ್ಮ ಕಾರ್ಡು 4 ಜಿಬಿ ದಾಟುತ್ತಲೇ ಕೇಳಿದ್ದಕ್ಕೆಲ್ಲ ಬಾಯಿಗೆ ಬಂದದ್ದು ಹೇಳತೊಡಗಿತು. ಉಳಿದ 28 ಕೇವಲ ಬಣ್ಣದ ಮುದ್ರಣ.

ಮನೆಯಲ್ಲಿದ್ದ ಒಂದೇ ಪ್ರಾಮಾಣಿಕ ಕಾರ್ಡು ನನ್ನ ಮಾವನವರ ಹಳೆಯ ಕೀಪ್ಯಾಡ್ ಮೊಬೈಲಿನಲ್ಲಿತ್ತು. 8 ಜಿಬಿ. ತುಂಬ ದಾಸರ ಪದಗಳು, ತಾಳಮದ್ದಳೆಯ ಧ್ವನಿಮುದ್ರಣಗಳು. ಹೊಸದು ಬರುವವರೆಗೆ ಎರವಲು ಕೇಳಿದೆ.

“ಅಳಿಯಂದಿರೇ, ಕಾರ್ಡು ಕೊಡಬಹುದು. ಆದರೆ ಅದರೊಳಗಿನ ಕೃಷ್ಣಸಂಧಾನ ಎಲ್ಲಿಗೆ ಹೋಗುತ್ತದೆ?” ಎಂದರು.

“ಎಲ್ಲಿಗೂ ಹೋಗುವುದಿಲ್ಲ ಮಾವ. ಇದೇ ಯಂತ್ರದಲ್ಲಿ ಹಾಡುತ್ತದೆ.”

ಅದು ಬಾಯಿಮಾತಲ್ಲ. ಜಪಾನಿನ ಹವ್ಯಾಸಿಯೊಬ್ಬರು ಬರೆದ ಮೂನ್‌ಶೆಲ್ ಎಂಬ ಹೋಂಬ್ರೂ ಎಂಪಿ3 ಹಾಡಿಸುತ್ತದೆ. ಸಂಧಾನ ಕುದುರಿತು. ಕಾರ್ಟಿನ ತಲೆಯ ಸೀಳಿನಲ್ಲಿ ಕಾರ್ಡನ್ನು ಉಗುರಿನಿಂದ ಒತ್ತಿದೆ. ‘ಟಿಕ್’ ಎಂದು ಕೂರಬೇಕಾದದ್ದು ಒಳಗಿನ ಸ್ಪ್ರಿಂಗಿನ ಉತ್ಸಾಹದಿಂದ ಚಿಮ್ಮಿ, ಮಾವನವರ ಕನ್ನಡಕಕ್ಕೆ ತಾಗಿ, ಎಲ್ಲಿಗೋ ಹೋಯಿತು. ಹದಿನೈದು ಮಿಲಿಮೀಟರ್ ಉದ್ದದ ಕಪ್ಪು ಚೂರು. ನಮ್ಮ ಮನೆಯ ನೆಲ ಕಪ್ಪು ಕಡಪ ಕಲ್ಲಿನದು. ಮಂಚ ಸರಿಸಿದೆವು, ಚಾಪೆ ಕೊಡವಿದೆವು, ಪೊರಕೆಯಿಂದ ಮೂಲೆ ಗುಡಿಸಿ ಕಸವನ್ನು ಮೊರದಲ್ಲಿ ಕೇರಿದೆವು. “ರೀ, ಆಟದ ಸಾಮಾನಿನ ನೆಪದಲ್ಲಾದರೂ ಮಂಚದ ಕೆಳಗೆ ಗುಡಿಸಿದಿರಲ್ಲ” ಎಂದು ಹೆಂಡತಿ ಸಂತೋಷಪಟ್ಟಳು. ಕೃಷ್ಣಸಂಧಾನ ಕೊನೆಗೆ ಮಾವನವರ ಪಂಚೆಯ ಮಡಿಕೆಯಲ್ಲಿ ದೊರೆಯಿತು.

ಇನ್ನು ಮಗ್ಗಿ ಒಂದೇ ಬಾಕಿ ಎಂದುಕೊಂಡರೆ ಎರಡೂ ಪರದೆಗಳು ಸುಣ್ಣ ಬಳಿದಂತೆ ಬಿಳಿ. ಒಂದೊಂದು ಕಾರ್ಟ್ ತನ್ನ ಕಾರ್ಡಿನೊಡನೆ ಒಂದೊಂದು ರೀತಿಯಲ್ಲಿ ಮಾತನಾಡುತ್ತದೆ. ಆ ಮಾತು ಗೊತ್ತಿಲ್ಲದ ಪ್ರೋಗ್ರಾಂ ಕಾರ್ಡಿನಲ್ಲಿರುವ ಚಿತ್ರಗಳನ್ನು ಓದಲಾರದೆ ಬೆಪ್ಪಾಗಿ ನಿಲ್ಲುತ್ತದೆ. ಇದಕ್ಕೆ ಡಿಎಲ್‌ಡಿಐ ಎಂಬ ತೇಪೆಯಿದೆ. ಆಯಾ ಕಾರ್ಟಿನ ಚಾಲಕ ಕಡತವನ್ನು ಪ್ರೋಗ್ರಾಂಗೆ ಹಚ್ಚಿದರೆ ಸರಿಹೋಗುತ್ತದೆ. ಒಳ್ಳೆಯ ಕಾರ್ಟ್‌ಗಳು ಇದನ್ನು ತಾವೇ ಹಚ್ಚಿಕೊಳ್ಳುತ್ತವೆ. ಕಾರ್ಟ್ ಆರಿಸುವಾಗ ನೋಡಬೇಕಾದದ್ದು ಇದನ್ನು, ಮತ್ತು ಅದರ ಕರ್ನಲ್ ಅನ್ನು, ಅಂದರೆ ಕಾರ್ಟನ್ನು ನಡೆಸುವ ತಂತ್ರಾಂಶವನ್ನು, ಈಗಲೂ ಯಾರಾದರೂ ತಿದ್ದುತ್ತಿದ್ದಾರೆಯೇ ಎಂಬುದನ್ನು. ಸ್ಟಿಕ್ಕರಿನ ಗೋಲ್ಡ್ ನೋಡಿ ಕೊಂಡವನಿಗೆ ಸಿಗುವುದು ಹಳದಿ ಕಾಗದ. ತೇಪೆ ಹಚ್ಚಿದೆ, ಮಗ್ಗಿ ಬಂತು. ೬ ಮತ್ತು ೯ರ ಜಗಳ ಮಾತ್ರ ಮುಂದುವರಿಯಿತು.

ಒಂದು ಬೆಳಿಗ್ಗೆ ಕಾರ್ಟ್ ಪೂರ್ತಿ ಮುಷ್ಕರ ಹೂಡಿತು. ಇಂಥ ತದ್ರೂಪಿಗಳಲ್ಲಿ ಕೆಲವಕ್ಕೆ ಅವುಗಳ ಜನ್ಮದಾತರೇ ಒಂದು ತಾರೀಖು ಕಟ್ಟಿರುತ್ತಾರೆ. ಯಂತ್ರದ ಗಡಿಯಾರ ಅದನ್ನು ದಾಟಿದರೆ ಮೆನು ತೆರೆಯುವುದಿಲ್ಲ, ಹೊಸದು ಕೊಳ್ಳಲಿ ಎಂಬ ದೂರದೃಷ್ಟಿ. ಬೇರೆ ಕರ್ನಲ್ ಹಾಕುವುದು ಸರಿಯಾದ ದಾರಿ. ಮಾವನವರು “ಹಾಡುತ್ತಿರುವುದನ್ನು ಬಿಚ್ಚಬೇಡಿ” ಎಂದದ್ದರಿಂದ ಅಡ್ಡದಾರಿ ಹಿಡಿದೆ: ಯಂತ್ರದ ಸೆಟ್ಟಿಂಗಿನಲ್ಲಿ ಇಸವಿಯನ್ನು 2012ಕ್ಕೆ ಹಿಂದಿಟ್ಟೆ. ಎಲ್ಲವೂ ಸರಾಗವಾಗಿ ನಡೆಯಿತು.

ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಅಂದಿನಿಂದ ಸಂಜೆ ಮಗ್ಗಿಯ ಹೊತ್ತಿಗೆ ಸರಿಯಾಗಿ “ಅಪ್ಪಾ, ಮಗ್ಗಿ ಕೆಟ್ಟಿದೆ” ಎಂಬ ವರದಿ ಬರತೊಡಗಿತು. ತೆಗೆದು ನೋಡಿದರೆ ಯಂತ್ರದ ಇಸವಿ ಶುದ್ಧವಾಗಿ ಈ ವರ್ಷದ್ದೇ ಇರುತ್ತಿತ್ತು. ಮಗ್ಗಿಯ ಜೊತೆಗೆ ದಾಸರ ಪದವೂ ನಿಲ್ಲುತ್ತದಲ್ಲ, ತಾತನಾದರೂ ದೂರು ಕೊಡಬೇಕಿತ್ತು ಎಂದುಕೊಂಡೆ. ತಾತನ ಹಾಡಿನ ಹೊತ್ತಿಗೆ ಮೊಮ್ಮಗಳೇ 2012 ಮಾಡಿ ಕೊಡುತ್ತಾಳಂತೆ, ಕೇಳಿ ಮುಗಿದ ಮೇಲೆ ತಾತ ಈ ವರ್ಷಕ್ಕೆ ತಿರುಗಿಸಿ ಹಿಂದಿರುಗಿಸುತ್ತಾರಂತೆ.