ಸ್ಕಿಲ್ ಲ್ಯಾಬ್ ಇದ್ದರೆ ಸಾಕೇ? ಬ್ರಿಟನ್ನಿನಿಂದ ಒಂದು ಅನಿಸಿಕೆ

ನಿಮ್ಮ ವಿದ್ಯಾರ್ಥಿಗಳು ತಂತ್ರಜ್ಞಾನದಿಂದ ಎಷ್ಟು ಕಲಿಯುತ್ತಿದ್ದಾರೆ ಎಂದು ಕೇಳಿದರೆ ಕರ್ನಾಟಕದ ಕಾಲೇಜಿನವರು ಉಪಕರಣಗಳ ಪಟ್ಟಿ ಮುಂದಿಡುತ್ತಾರೆ. ಬ್ರಿಟನ್ನಿನವರು ಗಂಟೆಗಳ ಲೆಕ್ಕ ಮುಂದಿಡುತ್ತಾರೆ. ನಾನು ಇಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಿಮ್ಯುಲೇಶನ್ ತರಗತಿ, ಅಂದರೆ ಆಸ್ಪತ್ರೆಯ ಸನ್ನಿವೇಶವನ್ನು ಕೃತಕವಾಗಿ ಕಟ್ಟಿ ಕಲಿಸುವ ತರಗತಿ, ನಡೆಸುವವನು. ಅಣ್ಣನ ಮಗಳು ಅಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಹಾಗಾಗಿ ಎರಡೂ ಕಡೆಯ ಸುದ್ದಿ ಕಿವಿಗೆ ಬೀಳುತ್ತಲೇ ಇರುತ್ತದೆ. ಕಲಿಯುವ ಹುಡುಗಿ ತಪ್ಪು ಮಾಡಿದಾಗ ಅದನ್ನು ಯಾರು ನೋಡಿದರು, ನೋಡಿದವರು ಆಮೇಲೆ ಕೂತು ಅವಳೊಡನೆ ಮಾತಾಡಿದರೇ? ನನಗೆ ಮುಖ್ಯವೆನಿಸುವ ಈ ಪ್ರಶ್ನೆಗೆ ಆ ಪಟ್ಟಿಯಲ್ಲೂ ಉತ್ತರವಿಲ್ಲ, ಈ ಲೆಕ್ಕದಲ್ಲೂ ಇಲ್ಲ.

ಮೊದಲು ಇಲ್ಲಿನ ಲೆಕ್ಕ. ಬ್ರಿಟನ್ನಿನಲ್ಲಿ ನರ್ಸ್ ಆಗಬೇಕಾದವರು 2300 ಗಂಟೆ ಪ್ರಾಯೋಗಿಕ ಕಲಿಕೆ ಮುಗಿಸಬೇಕು. ಅದರಲ್ಲಿ 600 ಗಂಟೆಯವರೆಗೆ ಸಿಮ್ಯುಲೇಶನ್ ಮೂಲಕವೇ ನಡೆಸಬಹುದು ಎಂದು 2023ರಲ್ಲಿ ಇಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ನಿಯಮ ಮಾಡಿತು. (ಇದನ್ನೂ ಎನ್‌ಎಂಸಿ ಎನ್ನುತ್ತಾರೆ, ಭಾರತದ ವೈದ್ಯಕೀಯ ಆಯೋಗವನ್ನೂ ಎನ್‌ಎಂಸಿ ಎನ್ನುತ್ತಾರೆ. ಊರಿನವರ ಜೊತೆ ಫೋನಿನಲ್ಲಿ ಮಾತಾಡುವಾಗ ಯಾವುದು ಯಾವುದೆಂದು ಬಿಡಿಸಿ ಹೇಳುವುದೇ ಒಂದು ಕೆಲಸ.) ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳಿಗೆ ಜಾಗ ಸಾಲದು ಎನ್ನುವುದೂ ಈ ಉದಾರತೆಯ ಹಿಂದಿದೆ. ಆದರೂ ಇದು ನೆಲೆಯಿಲ್ಲದ ತೀರ್ಮಾನವಲ್ಲ. ಅಮೆರಿಕದ 10 ನರ್ಸಿಂಗ್ ಕಾಲೇಜುಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಆಸ್ಪತ್ರೆಯ ಕಲಿಕೆಯಲ್ಲಿ ಅರ್ಧದಷ್ಟನ್ನು ಸಿಮ್ಯುಲೇಶನ್‌ಗೆ ಬಿಟ್ಟರೂ ವಿದ್ಯಾರ್ಥಿಗಳ ಜ್ಞಾನ, ಸಾಮರ್ಥ್ಯ ಕುಂದಲಿಲ್ಲವೆಂದು ಕಂಡುಕೊಂಡಿತ್ತು. ಆದರೆ ಅಲ್ಲಿ ಪಾಠ ಮಾಡಿದವರು ಅದಕ್ಕೆಂದೇ ತರಬೇತಿ ಪಡೆದವರು, ಪ್ರತಿ ಸನ್ನಿವೇಶದ ಕೊನೆಗೂ ಕ್ರಮಬದ್ಧ ಡಿಬ್ರೀಫಿಂಗ್, ಅಂದರೆ ನಡೆದದ್ದರ ಬಗ್ಗೆ ಕೂತು ಮಾತಾಡುವುದು, ಇತ್ತು. ಅಧ್ಯಯನದ ಮೊದಲ ಸಾಲನ್ನು ಎಲ್ಲರೂ ಹೇಳುತ್ತಾರೆ, ಈ ಎರಡನೆಯದು ಯಾರಿಗೂ ನೆನಪಿರುವುದಿಲ್ಲ.

ಡಿಬ್ರೀಫಿಂಗ್ ಎಂದರೆ ಏನೆಂದು ಒಂದು ತರಗತಿಯಿಂದಲೇ ಹೇಳುತ್ತೇನೆ. ಮಂಚದ ಮೇಲೆ ಮ್ಯಾನಿಕಿನ್ (ರೋಗಿಯಂತೆ ಮಾಡಿದ ಬೊಂಬೆ), ಎದೆ ಏರಿಳಿಯುತ್ತಿದೆ. ಮಾನಿಟರಿನಲ್ಲಿ ಆಮ್ಲಜನಕದ ಪ್ರಮಾಣ 96ರಿಂದ 82ಕ್ಕೆ ಇಳಿಯಿತು. ಎರಡನೇ ವರ್ಷದ ಹುಡುಗಿ ಓಡಿಹೋಗಿ ಮಾಸ್ಕ್ ತಂದು ಹಾಕಿದಳು, ಆಕ್ಸಿಜನ್ ಹೆಚ್ಚಿಸಿದಳು, ಡಾಕ್ಟರನ್ನು ಕರೆಯಿರಿ ಎಂದು ಜೊತೆಯವನಿಗೆ ಕೂಗಿದಳು. ಅಷ್ಟು ಹೊತ್ತೂ ಆ ಮ್ಯಾನಿಕಿನ್ನಿನ ಬೆರಳಿಗೆ ಸಿಕ್ಕಿಸಿದ, ಆಮ್ಲಜನಕ ಅಳೆಯುವ ಪ್ರೋಬ್ ಅರ್ಧ ಜಾರಿ ಹಾಸಿಗೆಯ ಮೇಲೆ ನೇತಾಡುತ್ತಿತ್ತು. ಕನ್ನಡಿಯ ಹಿಂದೆ ಕೂತ ನಾವೇ ಹಾಗೆ ಜಾರಿಸಿ ಇಟ್ಟಿದ್ದೆವು. ಸನ್ನಿವೇಶ ನಡೆದದ್ದು ಹತ್ತು ನಿಮಿಷ, ಅದರ ಮೇಲಿನ ಮಾತು ಮುಕ್ಕಾಲು ಗಂಟೆ. ವಿಡಿಯೊ ಹಾಕಿದಾಗ ಅವಳೇ ಮೊದಲು ನಕ್ಕಳು. ಆಮೇಲೆ ಹೇಳಿದಳು: "ನಾನು ಪೇಷಂಟಿನ ಮುಖ ನೋಡೇ ಇಲ್ಲ." ಆ ಮಾತನ್ನು ನಾನೇ ಪಾಠವಾಗಿ ಹೇಳಿದ್ದರೆ ಅವರು ಬರೆದುಕೊಂಡು ಮರೆಯುತ್ತಿದ್ದರು. ಮ್ಯಾನಿಕಿನ್ ಇಲ್ಲಿ ಮಾಡಿದ ಉಪಕಾರ ಇಷ್ಟೇ: ಯಾರ ಪ್ರಾಣಕ್ಕೂ ಅಪಾಯವಿಲ್ಲದೆ ತಪ್ಪು ಮಾಡಲು ಬಿಟ್ಟಿತು, ಆ ತಪ್ಪನ್ನು ಮತ್ತೆ ನೋಡಲು ಅವಕಾಶ ಕೊಟ್ಟಿತು. ಉಳಿದದ್ದು ಮಾತಿನ ಕೆಲಸ.

ಈಗ ನಮ್ಮ ಕಡೆಯದು. ನಿಯಮಗಳಿಗೆ ಕೊರತೆಯಿಲ್ಲ. ವೈದ್ಯಕೀಯ ಕಾಲೇಜುಗಳಲ್ಲಿ ಸ್ಕಿಲ್ ಲ್ಯಾಬ್ (ಬೊಂಬೆ, ಉಪಕರಣಗಳ ಮೇಲೆ ಕೈಕೆಲಸ ಕಲಿಯುವ ಕೋಣೆ) ಇರಲೇಬೇಕೆಂದು ಭಾರತದ ಎನ್‌ಎಂಸಿಯ 2020ರ ನಿಯಮವೇ ಹೇಳಿತ್ತು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ಲಿನ 2021ರ ಪರಿಷ್ಕೃತ ಪಠ್ಯಕ್ರಮ ಸೆಮಿಸ್ಟರ್ ಪದ್ಧತಿಯ ಜೊತೆಗೆ ಎರಡನೇ ಸೆಮಿಸ್ಟರಿಗೆ ಇನ್ಫರ್ಮ್ಯಾಟಿಕ್ಸ್ ಮತ್ತು ತಂತ್ರಜ್ಞಾನದ ಒಂದು ಪೇಪರನ್ನೇ ತಂದಿದೆ. ಸ್ಕಿಲ್ ಲ್ಯಾಬ್ ಹೇಗಿದೆ ಎಂದು ಅಣ್ಣನ ಮಗಳನ್ನು ಕೇಳಿದೆ. "ಎಲ್ಲಾ ಇದೆ ಚಿಕ್ಕಪ್ಪ, ಬೊಂಬೆಯ ಪ್ಲಾಸ್ಟಿಕ್ ಕವರ್ ಕೂಡ ಹಾಗೇ ಇದೆ. ಮುಟ್ಟಿದ್ರೆ ಹಾಳಾಗತ್ತೆ ಅಂತಾರೆ. ಇನ್‌ಸ್ಪೆಕ್ಷನ್ ದಿನ ಮಾತ್ರ ಏಪ್ರನ್ ಹಾಕ್ಕೊಂಡು ಸುತ್ತ ನಿಲ್ಲಬೇಕು." ಎಲ್ಲ ಕಾಲೇಜೂ ಹೀಗೆ ಎನ್ನಲಾರೆ, ಚೆನ್ನಾಗಿ ನಡೆಸುವವರೂ ಇದ್ದಾರೆ. ಆದರೆ ಹಾಳಾಗಲೆಂದೇ ಇರುವ ವಸ್ತುವನ್ನು ಹಾಳಾಗದಂತೆ ಕಾಯುವ ಈ ಬುದ್ಧಿ ನಮಗೆ ಹೊಸದೇನಲ್ಲ. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಮೊದಲ ರೆಸಸಿ ಆನ್ ಬೊಂಬೆಯನ್ನು ಮಾಡಿದ್ದೇ ಜನ ಅದರ ಬಾಯಿಗೆ ಬಾಯಿಟ್ಟು ಊದಲಿ, ಎದೆ ಒತ್ತಲಿ ಎಂದು.

ಹಾಗೆಂದು ನಮ್ಮ ಮಕ್ಕಳು ಬಡಪಾಯಿಗಳಲ್ಲ. ಅಣ್ಣನ ಮಗಳು ಒಂದೇ ಪೋಸ್ಟಿಂಗಿನಲ್ಲಿ ನೋಡಿದಷ್ಟು ಹೆರಿಗೆಗಳನ್ನು ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಕೋರ್ಸ್ ಮುಗಿಯುವವರೆಗೂ ನೋಡುವುದಿಲ್ಲ. ತುಂಬಿದ ವಾರ್ಡು, ನಿಜವಾದ ನಾಡಿ, ನಿಜವಾದ ನೋವು. ಇಲ್ಲಿ ನಾವು ಲಕ್ಷಗಟ್ಟಲೆ ಸುರಿದು ಕೃತಕವಾಗಿ ಕಟ್ಟುವುದು ಅಲ್ಲಿ ದಿನಬೆಳಗಾದರೆ ಇರುತ್ತದೆ. ಆದರೆ ಹಾಸಿಗೆಯ ಸುತ್ತ ಹದಿನೈದು ಜನ ನಿಂತಾಗ ಮುಂದಿನ ಮೂವರಿಗೆ ರೋಗಿ ಕಾಣುತ್ತಾನೆ, ಹಿಂದಿನವರಿಗೆ ಮುಂದಿನವರ ಬೆನ್ನು. ಹಿಂದಿನವರು ಏನು ಮಾಡಿಯಾರು? ರಾತ್ರಿ ಹಾಸ್ಟೆಲಿನಲ್ಲಿ ಯೂಟ್ಯೂಬಿನಲ್ಲಿ ಅದೇ ಪ್ರಕ್ರಿಯೆಯನ್ನು ದುಪ್ಪಟ್ಟು ವೇಗದಲ್ಲಿ ನೋಡಿ ಮಲಗುತ್ತಾರೆ.

ಕರ್ನಾಟಕದ ಮಕ್ಕಳ ನಿಜವಾದ ತಂತ್ರಜ್ಞಾನ ಈ ಫೋನೇ. ಅದನ್ನು ಅವರೇ ಹುಡುಕಿಕೊಂಡಿದ್ದಾರೆ, ಯಾರೂ ಕಲಿಸಿದ್ದಲ್ಲ. ಎಂಬಿಬಿಎಸ್‌ನವರಂತೂ ಮೊದಲ ವರ್ಷದಿಂದಲೇ ಪಿ.ಜಿ. ಪರೀಕ್ಷೆಯ ಆ್ಯಪ್‌ಗೆ ದುಡ್ಡು ಕಟ್ಟಿ ಎಂಸಿಕ್ಯೂ ಬಿಡಿಸುತ್ತಿರುತ್ತಾರೆ. ಆ ಪಾಠಗಳು ಅಚ್ಚುಕಟ್ಟಾಗಿವೆ, ಒಪ್ಪುತ್ತೇನೆ. ಕೆಲವು ಕ್ಲಾಸ್‌ರೂಮಿನ ಪಾಠಕ್ಕಿಂತ ಎಷ್ಟೋ ಮೇಲು. ಆದರೆ ನಾಲ್ಕು ಆಯ್ಕೆಯಲ್ಲಿ ಒಂದು ತಪ್ಪಾದರೆ ಆ್ಯಪ್ ಕೆಂಪು ಬಣ್ಣ ತೋರಿಸಿ ವಿವರಣೆ ಕೊಡುತ್ತದೆ. ಅದಕ್ಕೆ ಹುಡುಗನ ಕೈ ನಡುಗಿದ್ದು ಕಾಣುವುದಿಲ್ಲ, ಅವನು ರೋಗಿಯ ಹೆಸರು ಕೇಳದೆ ಸೂಜಿ ಚುಚ್ಚಿದ್ದು ಕಾಣುವುದಿಲ್ಲ.

ಇನ್ನು ಬ್ರಿಟನ್ನನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಇಲ್ಲಿ ಲಾಗ್‌ಬುಕ್ ಎಲೆಕ್ಟ್ರಾನಿಕ್ ಆಗಿದೆ. ಎಂಟು ಗಂಟೆಯೋ ಹನ್ನೆರಡು ಗಂಟೆಯೋ ದುಡಿದ ವಿದ್ಯಾರ್ಥಿ ಶಿಫ್ಟಿನ ಕೊನೆಗೆ ಟ್ಯಾಬ್ಲೆಟ್ ಹಿಡಿದು ಸೀನಿಯರ್ ನರ್ಸ್ ಹಿಂದೆ ಅಲೆಯುತ್ತಾಳೆ, ಒಂದು ಸಹಿಗಾಗಿ. ಅವರೋ ಮನೆಗೆ ಹೊರಟ ಅವಸರದಲ್ಲಿ "ಚೆನ್ನಾಗಿ ಮಾಡಿದಳು" ಎಂದು ಒತ್ತಿಬಿಡುತ್ತಾರೆ. ಕಾಗದದ ಲಾಗ್‌ಬುಕ್ಕನ್ನು ಇಂಟರ್ನಲ್ಸ್ ಹಿಂದಿನ ರಾತ್ರಿ ಒಟ್ಟಿಗೆ ತುಂಬುವ ನಮ್ಮ ಮಕ್ಕಳಿಗೂ ಇವರಿಗೂ ಇಲ್ಲಿ ಏನು ವ್ಯತ್ಯಾಸ?

ಊರಿನ ಕಾಲೇಜಿನವರು ನನ್ನನ್ನು ಕೇಳಿದರೆ, ಇನ್ನೊಂದು ದುಬಾರಿ ಮ್ಯಾನಿಕಿನ್ ಕೊಳ್ಳಬೇಡಿ, ಇರುವುದರ ಕವರ್ ಬಿಚ್ಚಿ ಎನ್ನುತ್ತೇನೆ. ಒಬ್ಬಳು ರೋಗಿಯಾಗಲಿ, ಒಬ್ಬಳು ನರ್ಸ್ ಆಗಲಿ, ಮೂರನೆಯವಳು ಫೋನಿನಲ್ಲಿ ಚಿತ್ರೀಕರಿಸಲಿ. ನಿಜವಾದ ರೋಗಿಯತ್ತ ಆ ಕ್ಯಾಮೆರಾ ತಿರುಗಕೂಡದು. ಆಮೇಲೆ ಟೀಚರ್ ಒಬ್ಬರು ಬೈಯದೆ ಅರ್ಧ ಗಂಟೆ ಅವರೊಡನೆ ಕೂರಲಿ. ಕಷ್ಟವಿರುವುದು ಈ "ಬೈಯದೆ" ಎನ್ನುವಲ್ಲಿ. ವೈವಾದಲ್ಲಿ ಬೆವರಿಳಿಸುವುದೇ ಪಾಠ ಎಂದು ನಂಬಿದ ಟೀಚರ್ ಎದುರು ಯಾವ ಹುಡುಗಿ ತನ್ನ ತಪ್ಪಿನ ವಿಡಿಯೊ ಹಾಕಿಸಿಕೊಂಡಾಳು?

ಮತ್ತೆ, ಆ ಸನ್ನಿವೇಶಗಳು ಕನ್ನಡದಲ್ಲಿರಲಿ. 2019ರ ಎಂಬಿಬಿಎಸ್ ಪಠ್ಯಕ್ರಮದ ಫೌಂಡೇಶನ್ ಕೋರ್ಸ್ ಭಾಷೆಗೂ ಕಂಪ್ಯೂಟರಿಗೂ ಸೇರಿಸಿ 40 ಗಂಟೆ ಕೊಟ್ಟಿತ್ತು. ಒಂದೇ ಶೀರ್ಷಿಕೆಯಡಿ ಬಂದರೂ ಅವೆರಡನ್ನೂ ಒಟ್ಟಿಗೆ ಕಲಿಸುವ ಯೋಚನೆ ಹೆಚ್ಚು ಜನಕ್ಕೆ ಬಂದಂತಿಲ್ಲ. ಹೊರಗಿನಿಂದ ಕೊಂಡ ಸಾಫ್ಟ್‌ವೇರಿನ ರೋಗಿ ಇಂಗ್ಲಿಷಿನಲ್ಲಿ, ಒಂದರಿಂದ ಹತ್ತರ ಅಳತೆಯಲ್ಲಿ ನೋವು ಹೇಳುತ್ತಾನೆ. ಜಿಲ್ಲಾ ಆಸ್ಪತ್ರೆಗೆ ಬರುವ ಅಜ್ಜಿ ನೋವಿನ ಮಾತಿಗೆ ಮುಂಚೆ ಸೊಸೆಯ ವಿಷಯ ಹೇಳುತ್ತಾಳೆ, ನಿನ್ನೆ ಉಂಡದ್ದು ಹೇಳುತ್ತಾಳೆ, ಎದೆ ಹಿಡಿದದ್ದನ್ನು ಕೊನೆಗೆ ಹೇಳುತ್ತಾಳೆ. ಆ ಅಜ್ಜಿಯ ಪಾತ್ರವನ್ನು ಬರೆದುಕೊಡಬಲ್ಲ ಹಿರಿಯ ನರ್ಸಿಂಗ್ ಆಫೀಸರ್‌ಗಳು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಅವರನ್ನು ಕರೆದು ಕೂರಿಸಲು ಯಾವ ಟೆಂಡರೂ ಬೇಕಾಗಿಲ್ಲ.